ಹಂಚಬೇಕಾದ್ದು ದೀಪವಷ್ಟೇ ಅಲ್ಲ

ಹಳ್ಳಿಯ ಹೆಣ್ಣುಮಕ್ಕಳ ಓದಿಗೆ ಸೌರಶಕ್ತಿ ನೆರವಾಗಬೇಕೆಂಬುದರಲ್ಲಿ ತಕರಾರಿಲ್ಲ. ತಕರಾರಿರುವುದು ಅದಕ್ಕೆಂದು ಮೀಸಲಿಟ್ಟ ಹಣ ಎಲ್ಲಿಗೆ ಹೋಗುತ್ತಿದೆ ಎಂಬುದರಲ್ಲಿ. ಸರ್ಕಾರಕ್ಕೂ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ವಿಭಾಗಗಳಿಗೂ ಮೊದಲು ಹೊಳೆಯುವುದು ದೀಪ ಹಂಚಿಕೆ. ಉತ್ತರ ಪ್ರದೇಶ, ಬಿಹಾರ, ಜಾರ್ಖಂಡ್, ಒಡಿಶಾ, ಅಸ್ಸಾಂಗಳ ಶಾಲಾಮಕ್ಕಳಿಗೆಂದು ಕೇಂದ್ರ ಸರ್ಕಾರ 70 ಲಕ್ಷ ಸೋಲಾರ್ ದೀಪಗಳ ಯೋಜನೆಯನ್ನೇ ತಂದಿತು. ಸೀಮೆಎಣ್ಣೆ ಬುಡ್ಡಿಯ ಹೊಗೆ ತಪ್ಪುವುದು ಸಣ್ಣ ಲಾಭವೇನಲ್ಲ. ಆದರೆ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೋಲಾರ್ ವಿದ್ಯುತ್ತಿನಿಂದ ಸೀಮೆಎಣ್ಣೆಯ ಖರ್ಚು ಇಳಿದದ್ದು ಕಂಡಿತೇ ಹೊರತು ಮಕ್ಕಳ ಓದಿನ ಹೊತ್ತು ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ.

ಇದರಲ್ಲಿ ಅಚ್ಚರಿಯೇನಿದೆ? ಹುಡುಗಿಗೆ ಬೆಳಕಿಗಿಂತ ಬಿಡುವಿನ ಬರ ಹೆಚ್ಚು. ನೀರು ಹೊರುವುದು, ಕಸಮುಸುರೆ, ತಮ್ಮ ತಂಗಿಯರನ್ನು ಎತ್ತಿ ಆಡಿಸುವುದು ಅವಳ ಪಾಲಿಗೇ ಬರುತ್ತವೆ. ಮನೆಗೆ ಬರುವ ಒಂದೇ ದೀಪ ಅಡುಗೆ ಒಲೆಯ ಹತ್ತಿರವೋ ಅಣ್ಣನ ಪುಸ್ತಕದ ಮುಂದೆಯೋ ಕೂತರೆ ಅವಳ ಸರದಿ ಬರುವುದು ಯಾವಾಗ? ರಾಜಸ್ಥಾನದ ತಿಲೋನಿಯಾದ ಬೇರ್‌ಫೂಟ್ ಕಾಲೇಜು ಇದನ್ನು ಸರಿಯಾಗಿ ಗ್ರಹಿಸಿತು. ಹಗಲು ದನ, ಆಡು ಮೇಯಿಸುವ ಹುಡುಗಿಯರಿಗಾಗಿ ಸೋಲಾರ್ ಲಾಟೀನಿನ ಬೆಳಕಲ್ಲಿ ರಾತ್ರಿ ಶಾಲೆಗಳನ್ನು ನಡೆಸಿತು. ಅಲ್ಲಿ ಶಾಲೆಯೇ ಅವಳ ಹೊತ್ತಿಗೆ ಹೊಂದಿಕೊಂಡಿತು.

ಕರ್ನಾಟಕದಲ್ಲಿ ಸೋಲಾರ್ ಸಂಸ್ಥೆ ಸೆಲ್ಕೋ ಇನ್ನೊಂದು ದಾರಿ ಹಿಡಿಯಿತು. ಪ್ಯಾನೆಲ್ ಇರುವುದು ಶಾಲೆಯ ಮಾಡಿನ ಮೇಲೆ. ಮಕ್ಕಳು ಊಟದ ಡಬ್ಬಿಯಂತೆ ಪುಟ್ಟ ಬ್ಯಾಟರಿಯನ್ನು ಚೀಲದಲ್ಲಿಟ್ಟು ತಂದು, ಚಾರ್ಜ್ ಮಾಡಿಕೊಂಡು ಸಂಜೆ ಒಯ್ಯುತ್ತಾರೆ. ಮನೆಯ ದೀಪ ಉರಿಯಬೇಕಾದರೆ ಮಗಳು ಶಾಲೆಗೆ ಬರಲೇಬೇಕು.

ಶೌಚಾಲಯದ ನೀರಿನ ಮಾತು ಇದಕ್ಕಿಂತಲೂ ತುರ್ತಿನದು. ನಲ್ಲಿಯಲ್ಲಿ ನೀರಿಲ್ಲದ ಶಾಲೆಗೆ ಮುಟ್ಟಿನ ದಿನಗಳಲ್ಲಿ ಹುಡುಗಿ ಹೇಗೆ ಬಂದಾಳು? ಶಾಲೆ ನಡೆಯುವ ಹೊತ್ತಿನಲ್ಲೇ ಬಿಸಿಲು ಜೋರಾಗಿರುವುದರಿಂದ ಸೋಲಾರ್ ಪಂಪು ಬ್ಯಾಟರಿಯ ಹಂಗಿಲ್ಲದೆ ಓವರ್‌ಹೆಡ್ ಟ್ಯಾಂಕ್ ತುಂಬಿಸಬಲ್ಲದು. ಇಷ್ಟು ಸಲೀಸಾದ ಕೆಲಸ ದೀಪ ಹಂಚುವ ಸಮಾರಂಭದಷ್ಟು ಆದ್ಯತೆ ಪಡೆಯದಿರುವುದು ಅನ್ಯಾಯ.

ಇದಕ್ಕೆಲ್ಲ ಹಣ ಎಲ್ಲಿಂದ ಬರಬೇಕು? ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ನಿಂತಿದೆ. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಣ ನಿಗದಿಯಾಯಿತು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ ಅದರಲ್ಲಿ ಪಾಲಿಲ್ಲ. ಕೂಲಿ ತಪ್ಪಿದ ಮನೆಯಲ್ಲಿ ಮೊದಲು ನಿಲ್ಲುವ ಭಯವಿರುವುದು ಮಗಳ ಓದಿಗೇ. ಇಂಥ ಪಾರ್ಕುಗಳ ಆದಾಯದಲ್ಲಿ ಸುತ್ತಲಿನ ಪ್ರೌಢಶಾಲೆಗಳಿಗೂ ಬಾಲಕಿಯರ ಹಾಸ್ಟೆಲುಗಳಿಗೂ ಕಾನೂನುಬದ್ಧ ಪಾಲು ಸಿಗಬೇಕು. ದಾನದ ರೂಪದಲ್ಲಲ್ಲ, ಹಕ್ಕಾಗಿ.

ಅದರ ಜೊತೆಗೇ ದುರಸ್ತಿಯ ಹಣವೂ ಬರಬೇಕು. ಪ್ಯಾನೆಲ್ 25 ವರ್ಷ ಬಾಳಿಕೆ ಬಂದರೂ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಕೈಕೊಡುತ್ತದೆ. ಅದನ್ನು ಬದಲಿಸುವ ವೆಚ್ಚ ಯೋಜನೆಯ ಅಂದಾಜುಪಟ್ಟಿಯಲ್ಲೇ ಸೇರಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಖಾತೆಗೆ ನೇರವಾಗಿ ಜಮೆಯಾಗಬೇಕು.