ಚಂದಾ ಕಟ್ಟಿದ್ದು ನಾವು, ಸಿನಿಮಾ ಯಾರದ್ದು?

ಕಳೆದ ತಿಂಗಳು ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ವರು ಸಿನಿಮಾ ನೋಡಲು ಕೂತೆವು. ಆಯ್ಕೆ ನನ್ನದು: ಶಂಕರ್‌ನಾಗ್ ನಿರ್ದೇಶನದ, 1985ರ ‘ಆಕ್ಸಿಡೆಂಟ್’. ಎರಡು ವಾರದ ಹಿಂದೆಯಷ್ಟೇ ಒಂದು ಆ್ಯಪ್‌ನಲ್ಲಿ ಕಂಡು, ಆಮೇಲೆ ನೋಡೋಣವೆಂದು ಪಟ್ಟಿಗೆ ಸೇರಿಸಿಟ್ಟಿದ್ದೆ. ಆ ರಾತ್ರಿ ಪಟ್ಟಿ ಇತ್ತು, ಸಿನಿಮಾ ಇರಲಿಲ್ಲ. ಯಾಕೆ ತೆಗೆದರು ಎಂಬುದಕ್ಕೆ ಒಂದು ಸಾಲೂ ಇಲ್ಲ. ಪಕ್ಕದ ಮಂಚದ ಗೆಳೆಯ, ‘ಇನ್ನೊಂದು ದಾರಿ ಇದೆಯಲ್ಲ’ ಎಂದ. ಆ ದಾರಿ ಯಾವುದೆಂದು ನಿಮಗೂ ಗೊತ್ತು.

ಅಪ್ಪನಿಗೆ ಫೋನ್ ಮಾಡಿದೆ. ‘ಅಟ್ಟದ ಮೇಲಿನ ಡಬ್ಬದಲ್ಲಿದೆ, ಊರಿಗೆ ಬಂದಾಗ ತಗೊಂಡು ಹೋಗು’ ಎಂದರು.

ಅಪ್ಪ ಅರಸೀಕೆರೆಯಲ್ಲಿ ಸಿ.ಡಿ. ಬಾಡಿಗೆ ಅಂಗಡಿ ಇಟ್ಟಿದ್ದರು. ದಿನಕ್ಕೆ 20 ರೂಪಾಯಿ, ಒಂದು ದಿನ ತಡವಾದರೆ ಮತ್ತೆ 20. ಶನಿವಾರ ಸಂಜೆ ಅಂಗಡಿ ಮುಂದೆ ಸೈಕಲ್‌ಗಳ ಸಾಲು. 2007ರಲ್ಲಿ ಮೋಸರ್ ಬೇರ್ ಕಂಪನಿ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34ಕ್ಕೆ ಮಾರಲು ಶುರು ಮಾಡಿತು. 20 ಕೊಟ್ಟು ಬಾಡಿಗೆಗೆ ಒಯ್ಯುವ ಬದಲು 28 ಕೊಟ್ಟು ಮನೆಯಲ್ಲೇ ಇಟ್ಟುಕೊಳ್ಳಬಹುದಲ್ಲ ಎಂದು ಜನ ಲೆಕ್ಕ ಹಾಕಿದರು. ‘ಮೊದಲ ಏಟು ಅದು’ ಎನ್ನುತ್ತಾರೆ ಅಪ್ಪ. 2016ರಲ್ಲಿ ಜಿಯೋ ಬಂದದ್ದು ಕೊನೆಯ ಏಟು. ಮರುವರ್ಷ ಅಂಗಡಿ ಮುಚ್ಚಿತು. ಅದೇ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಬರೀ ದುಡ್ಡಿನ ಪ್ರಶ್ನೆಯಾದರೆ ಲೇಖನ ಇಲ್ಲಿಗೇ ಮುಗಿಯುತ್ತದೆ. ನೆಟ್‌ಫ್ಲಿಕ್ಸ್‌ನ ಮೊಬೈಲ್ ಪ್ಲಾನ್ ತಿಂಗಳಿಗೆ 149 ರೂಪಾಯಿ. ಅಪ್ಪನ ಹಳೆಯ ದರದಲ್ಲಿ ಅದು ಏಳು ಸಿನಿಮಾಗಳ ಬಾಡಿಗೆ. ನಮ್ಮ ರೂಮಿನಲ್ಲಿ ಒಬ್ಬನೇ ಒಂದು ಭಾನುವಾರದಲ್ಲಿ ಅಷ್ಟು ನೋಡಿ ಮುಗಿಸಬಲ್ಲ. ಅದೂ ಅಲ್ಲದೆ, ನಮ್ಮ ನಾಲ್ಕು ಲ್ಯಾಪ್‌ಟಾಪ್‌ಗಳಲ್ಲಿ ಒಂದಕ್ಕೂ ಡಿಸ್ಕ್ ಡ್ರೈವ್ ಇಲ್ಲ. ಆದರೆ ಪ್ರಶ್ನೆ ದುಡ್ಡಿನದಷ್ಟೇ ಅಲ್ಲ ಎಂದು ಅರ್ಥವಾಗಲು ನಾನು ನೆಟ್‌ಫ್ಲಿಕ್ಸ್‌ನ ಕಥೆಯನ್ನೇ ಓದಬೇಕಾಯಿತು.

ನೆಟ್‌ಫ್ಲಿಕ್ಸ್ ಕೂಡ ಒಂದು ಕಾಲದ ಸಿ.ಡಿ. ಅಂಗಡಿಯೇ. 1998ರಿಂದ ಅಮೆರಿಕದಲ್ಲಿ ಅಂಚೆ ಮೂಲಕ ಡಿ.ವಿ.ಡಿ. ಬಾಡಿಗೆಗೆ ಕಳಿಸುತ್ತಿತ್ತು. 25 ವರ್ಷಗಳಲ್ಲಿ ಕೆಂಪು ಲಕೋಟೆಗಳಲ್ಲಿ 500 ಕೋಟಿಗೂ ಹೆಚ್ಚು ಡಿಸ್ಕ್‌ಗಳನ್ನು ಕಳಿಸಿ, 2023ರ ಸೆಪ್ಟೆಂಬರ್ 29ಕ್ಕೆ ಆ ಸೇವೆ ನಿಲ್ಲಿಸಿತು. ಗ್ರಾಹಕರ ಕೈಯಲ್ಲಿದ್ದ ಕೊನೆಯ ಡಿಸ್ಕ್‌ಗಳನ್ನು ವಾಪಸ್ ಕೇಳಲಿಲ್ಲ, ‘ಇಟ್ಟುಕೊಳ್ಳಿ’ ಎಂದಿತು. ಮರುವರ್ಷ ಅಲ್ಲಿನ ರೆಡ್‌ಬಾಕ್ಸ್ ಕೂಡ ದಿವಾಳಿಯಾಯಿತು. ಅಂಗಡಿಗಳ ಮುಂದೆ ಎ.ಟಿ.ಎಂ.ನಂತೆ ನಿಂತು ಡಿಸ್ಕ್ ಬಾಡಿಗೆ ಕೊಡುತ್ತಿದ್ದ ಅದರ ಸುಮಾರು 24,000 ಪೆಟ್ಟಿಗೆಗಳು ಅನಾಥವಾದವು.

ನನ್ನನ್ನು ತಡೆದು ನಿಲ್ಲಿಸಿದ್ದು ಕಾನೂನಿನ ಒಂದು ಅಂಶ. ಅಮೆರಿಕದ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಅಸಲಿ ಡಿಸ್ಕ್ ಕೊಂಡವನು ಅದನ್ನು ಮಾರಬಹುದು, ಬಾಡಿಗೆಗೂ ಕೊಡಬಹುದು. ನಿರ್ಮಾಪಕರ ಅಪ್ಪಣೆ ಬೇಕಿಲ್ಲ. ಹಾಗಾಗಿ ನೆಟ್‌ಫ್ಲಿಕ್ಸ್ ಮಾರುಕಟ್ಟೆಯಲ್ಲಿ ಸಿಕ್ಕ ಯಾವ ಡಿಸ್ಕನ್ನಾದರೂ ಕೊಂಡು ಕಪಾಟಿನಲ್ಲಿ ಇಡಬಹುದಿತ್ತು. ಸ್ಟ್ರೀಮಿಂಗ್ ಹಾಗಲ್ಲ. ಪ್ರತಿ ಸಿನಿಮಾಗೆ, ಪ್ರತಿ ದೇಶಕ್ಕೆ, ಇಷ್ಟು ವರ್ಷಕ್ಕೆ ಎಂದು ಪರವಾನಗಿ ಬೇಕು. ಅವಧಿ ಮುಗಿದ ದಿನ ಸಿನಿಮಾ ಹೋಗುತ್ತದೆ. ಡಿಸ್ಕ್ ಅಂಗಡಿಯಲ್ಲಿ ಇದ್ದದ್ದು ಅಂಗಡಿಯವನ ಆಸ್ತಿ. ಆ್ಯಪ್‌ನಲ್ಲಿ ಇರುವುದರಲ್ಲಿ ಹೆಚ್ಚಿನ ಪಾಲು ಆ್ಯಪ್‌ನದ್ದೂ ಅಲ್ಲ, ನಮ್ಮದಂತೂ ಅಲ್ಲವೇ ಅಲ್ಲ.

ನಮ್ಮಲ್ಲಿ ಆದದ್ದನ್ನೇ ನೋಡಿ. ಎಚ್‌ಬಿಒ ಧಾರಾವಾಹಿಗಳು 2023ರ ಮಾರ್ಚ್ 31ಕ್ಕೆ ಹಾಟ್‌ಸ್ಟಾರ್ ಬಿಟ್ಟವು. ಸ್ವಲ್ಪ ದಿನಕ್ಕೆ ಜಿಯೋಸಿನಿಮಾದಲ್ಲಿ ಪ್ರತ್ಯಕ್ಷವಾದವು. ಅದಕ್ಕೆಂದೇ ಹೊಸ ಚಂದಾ ಕಟ್ಟಿದವರಿದ್ದರು. 2025ರ ಫೆಬ್ರುವರಿಯಲ್ಲಿ ಆ ಎರಡು ಆ್ಯಪ್‌ಗಳೇ ಒಂದಾದವು! ಅದೇ ವರ್ಷ ಜೂನ್ 17ರಿಂದ ಪ್ರೈಮ್ ವಿಡಿಯೊ ಸಿನಿಮಾ ನಡುವೆ ಜಾಹೀರಾತು ತೋರಿಸತೊಡಗಿತು. ಬೇಡವೆಂದರೆ ವರ್ಷಕ್ಕೆ 699 ರೂಪಾಯಿ ಹೆಚ್ಚುವರಿ. ಬಾಡಿಗೆ ಮನೆಯಲ್ಲಿ ಕೂತಿರುವಾಗಲೇ ಮಾಲೀಕ ಬಂದು ಗೋಡೆ ಸರಿಸಿದಂತೆ.

ಕನ್ನಡದ ಮಟ್ಟಿಗೆ ಸಂಕಟ ಇನ್ನೂ ದೊಡ್ಡದು. ಸಿನಿಮಾ ಇರುವುದೇ ಆ್ಯಪ್‌ನಲ್ಲಿ ಎಂದಾದರೆ, ಆ್ಯಪ್ ಕೊಳ್ಳದ ಸಿನಿಮಾ ಎಲ್ಲಿರುತ್ತದೆ? ರಕ್ಷಿತ್ ಶೆಟ್ಟಿ ಅವರ ಪರಂವಃ ಸಂಸ್ಥೆಯ ‘ಏಕಂ’ ವೆಬ್ ಸರಣಿಗೆ ಯಾವ ದೊಡ್ಡ ವೇದಿಕೆಯೂ ಸಿಗದೆ, 2024ರ ಜುಲೈನಲ್ಲಿ ಅವರೇ ಜಾಲತಾಣ ಮಾಡಿ ಬಿಡುಗಡೆ ಮಾಡಿದರು. ಹೆಸರಿರುವ ನಿರ್ಮಾಪಕರಿಗೇ ಹೀಗಾದರೆ, ಮೊದಲ ಚಿತ್ರ ಮಾಡಿದ ಹುಡುಗರ ಗತಿ ಏನು? ಅಪ್ಪನ ಕಪಾಟಿನಲ್ಲಿ ಥಿಯೇಟರ್‌ನಲ್ಲಿ ಒಂದು ವಾರವೂ ಓಡದ ಚಿತ್ರಗಳೂ ಇದ್ದವು. ಯಾರೋ ಒಬ್ಬರು ಬಂದು ಅದನ್ನೇ ಕೇಳುತ್ತಿದ್ದರು.

ಹಾಗೆಂದು ಅಪ್ಪನ ಅಂಗಡಿಯನ್ನು ದೇವಸ್ಥಾನ ಮಾಡಲಾರೆ. ಭಾರತದ ಕಾಯ್ದೆ ಅಮೆರಿಕದಂತಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಸಿನಿಮಾ ಪ್ರತಿಯನ್ನು ಬಾಡಿಗೆಗೆ ಕೊಡುವ ಹಕ್ಕು ಹಕ್ಕುದಾರರದ್ದು. ಇದನ್ನು ಓದಿ ಹೇಳಿದಾಗ ಅಪ್ಪ ನಕ್ಕುಬಿಟ್ಟರು. ಇಡೀ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ. ಅದಕ್ಕಿಂತ ಕಹಿ ಸತ್ಯ: ಡಬ್ಬದಲ್ಲಿದ್ದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನಕಲಿ. ಆ ಕಾಲದಲ್ಲಿ ಪೈರಸಿ ಎಷ್ಟಿತ್ತೆಂದರೆ, 2014ರಲ್ಲಿ ಕರ್ನಾಟಕ ಸರ್ಕಾರ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು ವಿಡಿಯೊ, ಆಡಿಯೊ ನಕಲುಕೋರರನ್ನೂ ಅದರಡಿ ಸೇರಿಸಿತು.

ಆದರೆ ಅದೇ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿಯಲ್ಲಿ ನಮಗೆ ಬೇಕಾದ ಒಂದು ಮಾತಿದೆ. ಲಾಭದ ಉದ್ದೇಶವಿಲ್ಲದ ಗ್ರಂಥಾಲಯ ಅಥವಾ ಶಿಕ್ಷಣ ಸಂಸ್ಥೆ, ನ್ಯಾಯವಾಗಿ ಪಡೆದ ಸಿನಿಮಾ ಪ್ರತಿಯನ್ನು ಲಾಭವಿಲ್ಲದೆ ಎರವಲು ಕೊಟ್ಟರೆ ಅದು ‘ವಾಣಿಜ್ಯ ಬಾಡಿಗೆ’ ಅಲ್ಲ. ಅಂದರೆ ಪುಸ್ತಕ ಕೊಟ್ಟಂತೆಯೇ ಡಿಸ್ಕ್ ಕೊಡಬಹುದು. (ನಮ್ಮ ಫೀಸು ನೋಡಿದವರಿಗೆ ‘ಲಾಭದ ಉದ್ದೇಶವಿಲ್ಲದ’ ಎಂಬ ಮಾತು ನಗು ತರಿಸಬಹುದು. ಕಾಗದದಲ್ಲಂತೂ ಹಾಗೇ ಇದೆ.)

ದಸರಾ ರಜೆಯಲ್ಲಿ ಅಪ್ಪ, ನಾನು ಕೂತು ಡಬ್ಬ ಬಿಚ್ಚಿದೆವು. ನಕಲಿಗಳನ್ನೆಲ್ಲ ಇ-ತ್ಯಾಜ್ಯದ ಚೀಲಕ್ಕೆ ಹಾಕಿದೆವು. ಅಸಲಿಗಳಲ್ಲೂ ಕೆಲವಕ್ಕೆ ತೇವ ಹಿಡಿದು, ಒಳಗಿನ ಅಲ್ಯೂಮಿನಿಯಂ ಪದರದಲ್ಲಿ ಸೂಜಿಮೊನೆಯಷ್ಟು ತೂತುಗಳು ಬಿದ್ದಿದ್ದವು. ಡಿಸ್ಕ್‌ಗೂ ಆಯುಸ್ಸು ಇದೆ. ಉಳಿದವು 112. ಕಾಲೇಜಿನ ಲೈಬ್ರರಿಯವರ ಬಳಿ ವಿಷಯ ಎತ್ತಿದೆ. ಪಠ್ಯಪುಸ್ತಕಗಳ ಹಿಂದಿನ ಲಕೋಟೆಯಲ್ಲಿ ಬರುತ್ತಿದ್ದ ಸಿ.ಡಿ.ಗಳ ರಟ್ಟಿನ ಪೆಟ್ಟಿಗೆಯೊಂದನ್ನು ಅವರು ತೋರಿಸಿದರು. ವರ್ಷಗಳಿಂದ ಯಾರೂ ಕೇಳಿಲ್ಲವಂತೆ. ‘ಪ್ರಿನ್ಸಿಪಾಲರಿಗೆ ಅರ್ಜಿ ಬರಿ, ಜೊತೆಗೆ ಆ ಸೆಕ್ಷನ್ ಪ್ರಿಂಟ್ ಇಡು’ ಎಂದರು. ಅರ್ಜಿ ಕೊಟ್ಟು ಮೂರು ವಾರವಾಯಿತು.

ಅಷ್ಟರಲ್ಲಿ ನಾವು ನಾಲ್ವರು ತಲಾ 300 ಹಾಕಿ ಒಂದು ಹಳೆಯ ಎಕ್ಸ್‌ಟರ್ನಲ್ ಡ್ರೈವ್ ಕೊಂಡೆವು. ಆ್ಯಪ್‌ನ ಚಂದಾವನ್ನೂ ನವೀಕರಿಸಿದ್ದೇವೆ, ಸುಳ್ಳು ಯಾಕೆ ಹೇಳಲಿ. ಕಳೆದ ಶನಿವಾರ ‘ಆಕ್ಸಿಡೆಂಟ್’ ನೋಡಿದೆವು. ಎರಡನೇ ಡಿಸ್ಕ್‌ನಲ್ಲಿ ಒಂದು ಕಡೆ ಗೀರು ಬಿದ್ದು ಚಿತ್ರ ನಿಂತಿತು. ಡಿಸ್ಕ್ ತೆಗೆದು, ಬನಿಯನ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿದೆವು.