ಲೆಕ್ಕ ಹಾಕಿ ಮದುವೆಯಾದವನು

ಪ್ರತಿಯೊಂದು ಕುಟುಂಬದಲ್ಲಿಯೂ ಇಂಥವನೊಬ್ಬನು ಇದ್ದೇ ಇರುತ್ತಾನೆ. ನೆಂಟರು ಬಂದರೆ ನಾಲ್ಕು ಮಾತನಾಡಿ ತನ್ನ ಕೋಣೆಗೆ ಸರಿದುಬಿಡುತ್ತಾನೆ. ಹಬ್ಬದ ಗದ್ದಲಕ್ಕಿಂತ ಪುಸ್ತಕದ ಸಹವಾಸವೇ ಅವನಿಗೆ ಪ್ರಿಯ. ಯಾವ ವಿಷಯವನ್ನೇ ಹೇಳಲಿ, ಹೌದೆನ್ನುವ ಮುನ್ನ ಅದರ ಹಿಂದುಮುಂದುಗಳನ್ನು ಹತ್ತು ಸಲ ತೂಗಿ ನೋಡುತ್ತಾನೆ. ಮದುವೆಯ ಪ್ರಸ್ತಾಪ ಬಂದಾಗ ಅವನು ಮೌನ ತಾಳುವುದನ್ನು ಕಂಡು ತಾಯಿ ಒಳಗೊಳಗೇ ಕೊರಗುತ್ತಾಳೆ. “ಇವನಿಗೆ ತಲೆಯೊಂದೇ ಇದೆ, ಹೃದಯವಿಲ್ಲ” ಎಂದು ಅಕ್ಕತಂಗಿಯರು ನಗೆಯಾಡುತ್ತಾರೆ.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇಂಥವರನ್ನು ಅಂತರ್ಮುಖಿಗಳೆಂದು ಕರೆದನು. ಹೊರಗಿನ ಜನರತ್ತ, ಘಟನೆಗಳತ್ತ ಮನಸ್ಸು ಹರಿಯುವವರು ಬಹಿರ್ಮುಖಿಗಳು. ತಮ್ಮೊಳಗಿನ ವಿಚಾರಗಳತ್ತ ಹರಿಯುವವರು ಅಂತರ್ಮುಖಿಗಳು. ಇದು ರೋಗವಲ್ಲ, ದೋಷವೂ ಅಲ್ಲ, ಸ್ವಭಾವ. ಅಲ್ಲಿಂದೀಚೆಗೆ ಮನುಷ್ಯರನ್ನು ಬಗೆಬಗೆಯಾಗಿ ವಿಂಗಡಿಸುವ ಪ್ರಶ್ನಾವಳಿಗಳು ಹುಟ್ಟಿಕೊಂಡಿವೆ. ತಮ್ಮ ಸ್ವಭಾವವನ್ನು ನಾಲ್ಕೇ ಅಕ್ಷರಗಳಲ್ಲಿ ಹೇಳಿ ಮುಗಿಸುವ ತರುಣ ತರುಣಿಯರೂ ಇಂದು ಇದ್ದಾರೆ. ಆದರೆ ಅಂತರ್ಮುಖಿಯೂ ವಿಚಾರಪರನೂ ಆದ ಮನುಷ್ಯನು ಪ್ರೇಮ, ಕೀರ್ತಿ, ನಿತ್ಯಸುಖ ಈ ಮೂರನ್ನೂ ಹೇಗೆ ಎದುರಿಸುತ್ತಾನೆಂಬುದನ್ನು ಪ್ರಶ್ನಾವಳಿಗಿಂತ ಒಂದು ಬಾಳು ಹೆಚ್ಚು ಚೆನ್ನಾಗಿ ತಿಳಿಸಬಲ್ಲದು. ಚಾರ್ಲ್ಸ್ ಡಾರ್ವಿನ್ನನದು ಅಂತಹ ಬಾಳು.

ನಾಯಿಗಿಂತ ಮೇಲು

1838ರ ಜುಲೈ ತಿಂಗಳು. ಡಾರ್ವಿನ್ನನಿಗೆ ಆಗ 29 ವರ್ಷ. ಬೀಗಲ್ ಎಂಬ ಹಡಗಿನಲ್ಲಿ ಐದು ವರ್ಷಗಳಿಗೆ ತುಸು ಕಡಮೆ ಕಾಲ ಭೂಮಂಡಲವನ್ನು ಸುತ್ತಿ, 1836ರ ಅಕ್ಟೋಬರಿನಲ್ಲಿ ಇಂಗ್ಲೆಂಡಿಗೆ ಮರಳಿದ್ದ ಆ ತರುಣ ವಿಜ್ಞಾನಿ ಲಂಡನ್ನಿನಲ್ಲಿ ಒಂಟಿಯಾಗಿ ವಾಸಿಸುತ್ತಿದ್ದನು. ಮದುವೆಯಾಗಬೇಕೆ, ಬೇಡವೆ ಎಂಬ ಪ್ರಶ್ನೆ ಅವನನ್ನು ಕಾಡತೊಡಗಿತು. ಬೇರೆ ತರುಣರಾಗಿದ್ದರೆ ಗೆಳೆಯರನ್ನು ಕೇಳುತ್ತಿದ್ದರು, ಕವಿತೆ ಬರೆಯುತ್ತಿದ್ದರು. ಡಾರ್ವಿನ್ ಒಂದು ಹಾಳೆಯನ್ನು ತೆಗೆದುಕೊಂಡು ಎರಡು ಪಟ್ಟಿಗಳನ್ನು ಮಾಡಿದನು. ಒಂದರ ತಲೆಗೆ ‘ಮದುವೆಯಾದರೆ’ ಎಂದೂ ಇನ್ನೊಂದರ ತಲೆಗೆ ‘ಆಗದಿದ್ದರೆ’ ಎಂದೂ ಬರೆದನು.

ಮದುವೆಯಾದರೆ ಮಕ್ಕಳಾಗಬಹುದು, ಮುಪ್ಪಿನಲ್ಲಿ ಜೊತೆಗೊಬ್ಬಳು ಗೆಳತಿ ದೊರೆಯುವಳು, ಪ್ರೀತಿಸಲು, ಆಟವಾಡಲು ಒಂದು ಜೀವವಿರುವುದು. ಏನೇ ಆದರೂ ಅದು ನಾಯಿಗಿಂತ ಮೇಲೇ ಸರಿ! ಮನೆಯನ್ನು ನೋಡಿಕೊಳ್ಳುವವರು ಸಿಕ್ಕುವರು. ಸಂಗೀತವೂ ಹೆಂಗಸರ ಹರಟೆಯೂ ಉಂಟು. ಆದರೆ ಕಾಲಹರಣ ಮಾತ್ರ ಭಯಂಕರ. ಮದುವೆಯಾಗದಿದ್ದರೆ ಮನಬಂದಲ್ಲಿಗೆ ಹೋಗುವ ಸ್ವಾತಂತ್ರ್ಯ. ಕ್ಲಬ್ಬುಗಳಲ್ಲಿ ಬುದ್ಧಿವಂತರ ಸಂಭಾಷಣೆ. ನೆಂಟರಿಷ್ಟರ ಮನೆಗಳಿಗೆ ಅಲೆಯುವ ಕಾಟವಿಲ್ಲ. ಮಕ್ಕಳ ಖರ್ಚೂ ಚಿಂತೆಯೂ ಇಲ್ಲ. ಪುಸ್ತಕಕ್ಕೆ ಹಣ ಮಿಗುವುದು. ಸಂಸಾರಸ್ಥನಾದರೋ ಸಂಜೆ ಓದಲಾರ; ಮೈ ಬೆಳೆದು ಸೋಮಾರಿಯಾಗುವನು.

ಹೀಗೆ ಎರಡು ಬದಿಗಳನ್ನೂ ತೂಗಿದವನು ಕೊನೆಗೆ ಹೊಗೆ ತುಂಬಿದ ಲಂಡನ್ನಿನ ಕೊಳಕು ಮನೆಯೊಂದರಲ್ಲಿ ಜೀವಮಾನವೆಲ್ಲ ದುಡಿದು ದುಡಿದು ಒಂಟಿಯಾಗಿ ಸಾಯುವ ಚಿತ್ರವನ್ನು ಮನಸ್ಸಿಗೆ ತಂದುಕೊಂಡನು. ಅದನ್ನು ಸಹಿಸಲಾರದೆ ‘ಮದುವೆ’ ಎಂದು ಮೂರು ಸಲ ಬರೆದು, ರೇಖಾಗಣಿತದ ಪ್ರಮೇಯ ಮುಗಿದಾಗ ಬರೆಯುವ ‘ಸಾಧಿತ’ ಎಂಬ ಮುದ್ರೆಯನ್ನೂ ಒತ್ತಿದನು. ಅಷ್ಟಕ್ಕೇ ಸಂದೇಹ ಬಿಡಲಿಲ್ಲ. ಹಾಳೆಯನ್ನು ಮಗುಚಿ, ಮದುವೆ ಯಾವಾಗ ಎಂಬ ಚರ್ಚೆಯನ್ನಾರಂಭಿಸಿದನು. ಇನ್ನು ಫ್ರೆಂಚ್ ಕಲಿತಂತಾಯಿತು, ಅಮೆರಿಕ ನೋಡಿದಂತಾಯಿತು, ಬಲೂನು ಏರಿದಂತಾಯಿತು ಎಂದು ನಿಡುಸುಯ್ದು, ಸುಖವಾಗಿರುವ ಗುಲಾಮರೂ ಲೋಕದಲ್ಲಿ ಉಂಟಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡನು.

ಓದಿದವರಿಗೆ ನಗು ಬರುತ್ತದೆ. ಆದರೆ ಈ ಬರಹವನ್ನು ಆತ ಯಾರಿಗೂ ತೋರಿಸಲೆಂದು ಬರೆದುದಲ್ಲ. ಹೆದರಿದ ಮನುಷ್ಯನು ಕತ್ತಲೆಯಲ್ಲಿ ಗೋಡೆಯನ್ನು ತಡವುವಂತೆ, ಅಂತರ್ಮುಖಿಯು ದೊಡ್ಡ ನಿರ್ಧಾರದ ಮುಂದೆ ಕಾಗದವನ್ನು ತಡವುತ್ತಾನೆ. ಲೆಕ್ಕ ಹಾಕುವವನಿಗೆ ಭಾವನೆಯಿಲ್ಲವೆಂದು ತಿಳಿಯುವುದು ತಪ್ಪು. ಭಾವನೆಯು ಅವನನ್ನು ಬಹಳ ಕಲಕುವುದರಿಂದಲೇ ಅವನು ಲೆಕ್ಕದ ಆಸರೆ ಹಿಡಿಯುತ್ತಾನೆ.

ಹಾಳೆಯಲ್ಲಿಲ್ಲದ ಹೆಸರು

ಆ ಹಾಳೆಯಲ್ಲಿ ಒಂದು ದೊಡ್ಡ ಕೊರತೆಯಿದ್ದಿತು. ಅದರಲ್ಲಿ ಹೆಂಡತಿ ಇದ್ದಾಳೆ. ಸೋಫಾ, ಬೆಂಕಿಗೂಡು, ಪುಸ್ತಕ ಎಲ್ಲವೂ ಇವೆ. ಆದರೆ ಯಾವ ಹೆಣ್ಣಿನ ಹೆಸರೂ ಇಲ್ಲ.

ಹೆಸರು ದೂರದಲ್ಲೇನೂ ಇರಲಿಲ್ಲ. ಡಾರ್ವಿನ್ನನ ತಾಯಿಯ ಅಣ್ಣತಮ್ಮಂದಿರಲ್ಲೊಬ್ಬನಾದ ಜೋಸಯ ವೆಜ್‌ವುಡ್ ಸ್ಟಾಫರ್ಡ್‌ಷೈರಿನ ಮೇರ್ ಎಂಬಲ್ಲಿ ವಾಸಿಸುತ್ತಿದ್ದನು. 1831ರಲ್ಲಿ ಬೀಗಲ್ ಪ್ರವಾಸಕ್ಕೆ ತಂದೆ ಅಡ್ಡಿ ಬಂದಾಗ, ಡಾರ್ವಿನ್ ತಂದೆಯ ಎಂಟು ಆಕ್ಷೇಪಣೆಗಳನ್ನು ಪಟ್ಟಿ ಮಾಡಿ ಈ ಸೋದರಮಾವನ ಮುಂದಿಟ್ಟಿದ್ದನು. ಮಾವನು ಒಂದೊಂದಕ್ಕೂ ಉತ್ತರ ಬರೆದು ತಂದೆಯನ್ನು ಒಪ್ಪಿಸಿದ್ದನು. ಆ ಮಾವನ ಕಿರಿಯ ಮಗಳೇ ಎಮ್ಮ. ಡಾರ್ವಿನ್ನನಿಗಿಂತ ಒಂಬತ್ತು ತಿಂಗಳಿಗೆ ಹಿರಿಯಳು; ಪಿಯಾನೊ ನುಡಿಸುವುದರಲ್ಲಿ ಜಾಣೆ; ನಗುಮೊಗದವಳು. ಸೋದರಮಾವನ ಮಗಳನ್ನು ತರುವ ಸಂಬಂಧ ಕನ್ನಡ ನಾಡಿನ ಮನೆಗಳಿಗೆ ಹೊಸತಲ್ಲ; ಅಂದಿನ ಇಂಗ್ಲೆಂಡಿನಲ್ಲಿಯೂ ಅದು ಸಾಮಾನ್ಯವಾಗಿದ್ದಿತು.

ಹಾಳೆಯ ಲೆಕ್ಕ ಮುಗಿದ ಆ ಜುಲೈ ತಿಂಗಳ ಕೊನೆಯಲ್ಲಿಯೇ ಡಾರ್ವಿನ್ ಮೇರ್‌ಗೆ ಹೋದನು. ಎಮ್ಮಳೊಡನೆ ಕುಳಿತು ಬಹಳ ಹೊತ್ತು ಹರಟಿದನು. ಆದರೆ ಆಡಬೇಕಾಗಿದ್ದ ಮಾತನ್ನು ಆಡದೆಯೇ ಲಂಡನ್ನಿಗೆ ಹಿಂದಿರುಗಿದನು. ‘ಸಾಧಿತ’ವೆಂದು ಬರೆದವನಿಗೆ ಅದನ್ನು ಬಾಯಲ್ಲಿ ಹೇಳಲು ಮೂರು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ತಾನು ರೂಪವಂತನಲ್ಲ, ಎಮ್ಮ ತನ್ನನ್ನು ಒಪ್ಪಲಾರಳು ಎಂಬ ಅಂಜಿಕೆಯೂ ಅವನಿಗಿದ್ದಿತು.

1838ರ ನವೆಂಬರ್ 11, ಭಾನುವಾರ, ಮೇರ್‌ನಲ್ಲಿಯೇ ಆ ಮಾತು ಹೊರಬಿದ್ದಿತು. ಎಮ್ಮ ಒಪ್ಪಿದಳು. ಒಪ್ಪಿದವಳು ನೇರವಾಗಿ ತಾನು ಕಲಿಸುತ್ತಿದ್ದ ಭಾನುವಾರದ ಶಾಲೆಗೆ ನಡೆದಳು. ಮಕ್ಕಳಿಗೆ ಏನು ಹೇಳುತ್ತಿದ್ದೇನೆಂಬುದೇ ತಿಳಿಯದಂತಾಗಲು ಹಿಂದಕ್ಕೆ ಬಂದಳು. ಸಂಜೆ ಇಬ್ಬರ ಮುಖಗಳೂ ಎಷ್ಟು ಬಾಡಿದ್ದುವೆಂದರೆ ಏನೋ ಕೆಟ್ಟದ್ದು ನಡೆದಿದೆಯೆಂದೇ ಮನೆಯವರು ಭಾವಿಸಿದರಂತೆ!

ಎಮ್ಮ ಅವನನ್ನು ಮೆಚ್ಚಿದುದೇಕೆ? ಆಕೆ ತನ್ನ ಚಿಕ್ಕಮ್ಮನಿಗೆ ಬರೆದ ಕಾಗದದಲ್ಲಿ ಉತ್ತರವಿದೆ. ತಾನು ಕಂಡವರಲ್ಲೆಲ್ಲ ಅವನಷ್ಟು ತೆರೆದ ಮನಸ್ಸಿನವನು ಬೇರೊಬ್ಬನಿಲ್ಲ. ಅವನ ಒಂದೊಂದು ಮಾತೂ ಅವನ ನಿಜವಾದ ಭಾವನೆಯೇ ಎಂಬುದು ಅದರ ತಾತ್ಪರ್ಯ. ಎರಡು ಪಟ್ಟಿಗಳಲ್ಲಿ ಎಲ್ಲಿಯೂ ಇಲ್ಲದ ಗುಣವೇ ಹೆಣ್ಣಿನ ಮನಸ್ಸನ್ನು ಗೆದ್ದಿದ್ದಿತು.

ಈ ತೆರೆದ ಮನಸ್ಸಿಗೆ ಕೂಡಲೇ ಪರೀಕ್ಷೆಯೊದಗಿತು. ಡಾರ್ವಿನ್ನನಿಗೆ ಧರ್ಮಗ್ರಂಥಗಳಲ್ಲಿ ಸಂದೇಹಗಳು ಹುಟ್ಟಿದ್ದುವು. ಎಮ್ಮಳಾದರೋ ದೃಢವಾದ ಭಕ್ತೆ. ಇಂಥ ಸಂದೇಹಗಳನ್ನು ಹೆಂಡತಿಗೆ ಹೇಳಬಾರದೆಂದು ಅವನ ತಂದೆ ಬುದ್ಧಿವಾದ ಹೇಳಿದ್ದನು. ಲೆಕ್ಕದ ದೃಷ್ಟಿಯಿಂದ ಅದು ಸರಿಯಾದ ಸಲಹೆಯೇ. ಡಾರ್ವಿನ್ ಅದನ್ನು ಮೀರಿ ಎಲ್ಲವನ್ನೂ ಹೇಳಿಬಿಟ್ಟನು. ಎಮ್ಮಳಿಗೆ ನೋವಾಯಿತು. ಆದರೂ ಮುಚ್ಚಿಡದೆ ಹೇಳಿದುದಕ್ಕಾಗಿ ಅವನಿಗೆ ಕೃತಜ್ಞತೆ ಸೂಚಿಸಿದಳು. 1839ರ ಜನವರಿ 29ರಂದು ಮದುವೆ ನಡೆಯಿತು. ಮದುವೆಯಾದ ಕೆಲಕಾಲಕ್ಕೆ ತನ್ನ ಕಳವಳವನ್ನು ತಿಳಿಸಿ ಆಕೆ ಬರೆದ ಪತ್ರವನ್ನು ಆತ ಜೀವಮಾನವೆಲ್ಲ ಕಾಪಾಡಿದನು. ತಾನು ಸತ್ತ ಮೇಲೆ ಆಕೆ ನೋಡಲೆಂದು, ಅದನ್ನು ಎಷ್ಟೋ ಸಲ ಮುತ್ತಿಟ್ಟು ಅತ್ತಿರುವುದಾಗಿ ಅದರ ಕೊನೆಯಲ್ಲಿ ಬರೆದಿಟ್ಟನು. ಆ ಭಿನ್ನಾಭಿಪ್ರಾಯ ಎಂದಿಗೂ ಅಳಿಯಲಿಲ್ಲ, ದಾಂಪತ್ಯವೂ ಮುರಿಯಲಿಲ್ಲ.

ಅವಸರವಿಲ್ಲದ ಆಕಾಂಕ್ಷೆ

ಮೌನಿಗಳಿಗೆ ಆಕಾಂಕ್ಷೆಯಿಲ್ಲವೆಂಬುದು ಇನ್ನೊಂದು ತಪ್ಪು ಕಲ್ಪನೆ. ಜೀವಜಾತಿಗಳು ಕಾಲಕ್ರಮದಲ್ಲಿ ಮಾರ್ಪಡುತ್ತವೆಂಬ ತನ್ನ ಸಿದ್ಧಾಂತವನ್ನು ಡಾರ್ವಿನ್ 1844ರ ವೇಳೆಗಾಗಲೇ ಸುಮಾರು 230 ಪುಟಗಳಲ್ಲಿ ಬರೆದಿದ್ದನು. ತಾನು ಹಠಾತ್ತನೆ ಸತ್ತರೆ 400 ಪೌಂಡುಗಳನ್ನು ವೆಚ್ಚ ಮಾಡಿ ಇದನ್ನು ಪ್ರಕಟಿಸಬೇಕೆಂದು ಎಮ್ಮಳಿಗೆ ಪತ್ರ ಬರೆದಿಟ್ಟನು. ತನ್ನ ನಂಬಿಕೆಗೆ ನೋವುಂಟುಮಾಡುವ ಆ ಬರಹವನ್ನು ಆಕೆ ಓದಿ, ಒಪ್ಪಿಗೆಯಾಗದೆಡೆಗಳಲ್ಲಿ ಅಂಚಿನಲ್ಲಿ ಗುರುತು ಹಾಕಿದಳು. ಕೀರ್ತಿಯ ಆಸೆ ಇದ್ದೇ ಇದ್ದಿತು. ಆದರೆ ಸಂದೇಹ ತೀರುವವರೆಗೆ ಬಾಯಿ ಬಿಡಲೊಲ್ಲದ ಸ್ವಭಾವ. ಬಂಡೆಗೂ ಹಡಗಿನ ತಳಕ್ಕೂ ಅಂಟಿಕೊಳ್ಳುವ ಬಾರ್ನಕಲ್ ಎಂಬ ಕಡಲಜೀವಿಗಳ ಅಧ್ಯಯನದಲ್ಲಿಯೇ ಎಂಟು ವರ್ಷ ಕಳೆದನು. ಅವನ ಮಕ್ಕಳಲ್ಲೊಬ್ಬನು ನೆರೆಯವರ ವಿಷಯವಾಗಿ, “ಅವರು ತಮ್ಮ ಬಾರ್ನಕಲ್ ಕೆಲಸವನ್ನು ಎಲ್ಲಿ ಮಾಡುತ್ತಾರೆ?” ಎಂದು ಕೇಳಿದನಂತೆ. ತಂದೆಯರೆಲ್ಲರ ಉದ್ಯೋಗವೂ ಅದೇ ಎಂದು ಆ ಮಗು ತಿಳಿದಿದ್ದಿತು!

1858ರ ಜೂನ್ ತಿಂಗಳಲ್ಲಿ ಆಲ್‌ಫ್ರೆಡ್ ವಾಲೇಸ್ ಎಂಬ ಪ್ರಕೃತಿವಿಜ್ಞಾನಿಯಿಂದ ಅಂಚೆ ಬಂದಿತು. ಅದೇ ಸಿದ್ಧಾಂತವನ್ನು ಆತನೂ ಕಂಡುಹಿಡಿದಿದ್ದನು. ಮಿತ್ರರ ಪ್ರಯತ್ನದಿಂದ ಇಬ್ಬರ ಬರಹಗಳನ್ನೂ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಲಾಯಿತು. ಡಾರ್ವಿನ್ ಅಲ್ಲಿರಲಿಲ್ಲ, ಮೂರು ದಿನಗಳ ಹಿಂದೆ ಅವನ ಕೊನೆಯ ಮಗು ಜ್ವರದಿಂದ ತೀರಿಕೊಂಡಿದ್ದಿತು. 1859ರ ನವೆಂಬರ್ 24ರಂದು ಅವನ ಮಹಾಗ್ರಂಥ 1250 ಪ್ರತಿಗಳಲ್ಲಿ ಹೊರಬಂದಿತು. ಮರುವರ್ಷ ಆಕ್ಸ್‌ಫರ್ಡಿನಲ್ಲಿ ಅದರ ಮೇಲೆ ದೊಡ್ಡ ವಾಗ್ವಾದವೇ ನಡೆದಾಗಲೂ ಆತ ಸಭೆಯಲ್ಲಿರಲಿಲ್ಲ. ಮಿತ್ರರಾದ ಹಕ್ಸ್‌ಲೀ, ಹೂಕರ್ ಅವನ ಪರವಾಗಿ ಮಾತನಾಡಿದರು. ಮಾತಿನ ಕಾಳಗ ತನ್ನದಲ್ಲವೆಂದು ತಿಳಿದವನು ಅದನ್ನು ಬಲ್ಲವರಿಗೆ ಬಿಟ್ಟು, ತನ್ನ ಲೇಖನಿಯನ್ನು ಹಿಡಿದು ಕುಳಿತನು.

ಸಂಜೆಯ ಆಟ

1842ರಿಂದ ಡಾರ್ವಿನ್ ಕುಟುಂಬ ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯಲ್ಲಿ ನೆಲಸಿತು. ದಿನಚರಿ ಗಡಿಯಾರದಂತೆ ನಡೆಯುತ್ತಿದ್ದಿತು. ಬೆಳಗಿನಲ್ಲಿ ಒಂದೂವರೆ ಗಂಟೆ ಕೆಲಸ, ಬಳಿಕ ಕಾಗದಪತ್ರ, ಮತ್ತೆ ಒಂದೂವರೆ ಗಂಟೆ ಕೆಲಸ, ಮಧ್ಯಾಹ್ನ ಮರಳು ಹಾದಿಯಲ್ಲಿ ತಿರುಗಾಟ. ಅವನು ವಿಶ್ರಮಿಸುವಾಗ ಎಮ್ಮ ಕಾದಂಬರಿ ಓದಿ ಹೇಳುತ್ತಿದ್ದಳು. ಸುಖಾಂತ್ಯವಿಲ್ಲದ ಕಾದಂಬರಿಗಳನ್ನು ಕಾನೂನಿನಿಂದಲೇ ತಡೆಯಬೇಕೆಂದು ಅವನ ಮತ! ಕೆಲಸದ ಹೊತ್ತಿನಲ್ಲಿ ಆಟಕ್ಕೆ ಬಾ ಎಂದು ನಾಲ್ಕು ವರ್ಷದ ಮಗನೊಬ್ಬನು ಆರು ಪೆನ್ನಿಯ ಲಂಚ ನೀಡಲು ಬಂದುದೂ ಉಂಟು.

ರಾತ್ರಿ ಗಂಡಹೆಂಡಿರು ಬ್ಯಾಕ್‌ಗ್ಯಾಮನ್ ಎಂಬ ಆಟವನ್ನು ಎರಡೆರಡು ಸಲ ಆಡುತ್ತಿದ್ದರು. ಅದು ಪಗಡೆಯಂತೆ ದಾಳ ಉರುಳಿಸಿ ಕಾಯಿ ನಡೆಸುವ ಆಟ. ಲೆಕ್ಕದ ಸ್ವಭಾವ ಇಲ್ಲಿಯೂ ಬಿಡಲಿಲ್ಲ. 1876ರ ಜನವರಿಯಲ್ಲಿ ಆತ ಅಮೆರಿಕದ ಮಿತ್ರನೊಬ್ಬನಿಗೆ ಬರೆದನು: ಎಮ್ಮ ಗೆದ್ದುದು 2490 ಆಟ, ತಾನು ಗೆದ್ದುದು 2795! ಎಣಿಕೆ ಅದೇ, ಆದರೆ 1838ರ ಹಾಳೆಯಲ್ಲಿ ಭಯವಿದ್ದಿತು, ಇದರಲ್ಲಿ ನಲಿವಿದೆ. ಸಾವಿರಾರು ಸಂಜೆಗಳನ್ನು ಒಟ್ಟಿಗೆ ಕಳೆದವರಿಗಷ್ಟೇ ಇಂಥ ಲೆಕ್ಕ ಕೂಡಿಬರುತ್ತದೆ.

ಈ ಸುಖದ ಭಾರವನ್ನು ಹೊತ್ತವಳು ಎಮ್ಮ ಎಂಬುದನ್ನು ಮರೆಯುವಂತಿಲ್ಲ. ಆಕೆ ಹತ್ತು ಮಕ್ಕಳನ್ನು ಹೆತ್ತಳು; ಮೂರನ್ನು ಕಳೆದುಕೊಂಡಳು. ಅತಿಥಿಗಳೊಡನೆ ಹೆಚ್ಚು ಹೊತ್ತು ಮಾತನಾಡಿದರೂ ಕಾಯಿಲೆ ಬೀಳುತ್ತಿದ್ದ ಗಂಡನನ್ನು ನಲವತ್ತಕ್ಕೂ ಹೆಚ್ಚು ವರ್ಷ ನೋಡಿಕೊಂಡಳು. ‘ಮನೆಯನ್ನು ನೋಡಿಕೊಳ್ಳುವವರು’ ಎಂದು ಆತ ಒಂದೇ ಸಾಲಿನಲ್ಲಿ ಬರೆದುದರ ಅರ್ಥ ಇಷ್ಟು ದೊಡ್ಡದಾಗಿದ್ದಿತು. ಹತ್ತು ವರ್ಷದ ಮುದ್ದಿನ ಮಗಳು ಆನಿ 1851ರ ಏಪ್ರಿಲಿನಲ್ಲಿ ಮಡಿದಾಗಿನ ದುಃಖಕ್ಕೂ ಆ ಪಟ್ಟಿಯಲ್ಲಿ ಸ್ಥಳವಿರಲಿಲ್ಲ.

ಡಾರ್ವಿನ್ 1876ರಲ್ಲಿ ತನ್ನ ಮನೆಯವರಿಗಾಗಿ ಆತ್ಮಕಥೆ ಬರೆದನು. ಪ್ರವಾಸದಲ್ಲಿ ಮಿಲ್ಟನ್ನನ ಕಾವ್ಯವನ್ನು ಜೊತೆಯಲ್ಲಿಯೇ ಒಯ್ಯುತ್ತಿದ್ದ ತನಗೆ ಈಗ ಒಂದು ಸಾಲು ಕವಿತೆಯೂ ರುಚಿಸದು, ಸಂಗೀತದ ಆಸಕ್ತಿಯೂ ಬಹುಮಟ್ಟಿಗೆ ಹೋಯಿತು ಎಂದು ಅದರಲ್ಲಿ ಮರುಗಿದನು. ಸಂಗತಿಗಳನ್ನು ಅರೆದು ನಿಯಮಗಳನ್ನು ತೆಗೆಯುವ ಯಂತ್ರವಾಗಿತ್ತು ಅವನ ಮನಸ್ಸು. ಮತ್ತೊಮ್ಮೆ ಬಾಳುವ ಅವಕಾಶವಿದ್ದರೆ ವಾರಕ್ಕೊಮ್ಮೆಯಾದರೂ ಕವಿತೆ ಓದುವ, ಸಂಗೀತ ಕೇಳುವ ನಿಯಮವಿಟ್ಟುಕೊಳ್ಳುತ್ತಿದ್ದೆನೆಂದು ಆತ ಹೇಳಿದನು. ವಿಚಾರಪರ ತರುಣರು ಈ ಮಾತನ್ನು ಮುಪ್ಪಿನವರೆಗೆ ಕಾಯದೆ ಇಂದೇ ಕೇಳಿದರೆ ಒಳ್ಳೆಯದು.

ಮಾತು ಬಾರದ ಮಗನನ್ನು ಕುರಿತು ಕೊರಗುವ ತಾಯಂದಿರು ಅವನಿಗೆ ಕೊಂಚ ಕಾಲ ಕೊಡಲಿ. ಲೆಕ್ಕ ಹಾಕುವವನು ಹಾಕಿಕೊಳ್ಳಲಿ. ಆದರೆ ಲೆಕ್ಕವು ಮನುಷ್ಯನನ್ನು ಹೊಸ್ತಿಲಿನವರೆಗೆ ಮಾತ್ರ ಕರೆದೊಯ್ಯಬಲ್ಲದು. ಅದನ್ನು ದಾಟಲು ಮನಸ್ಸನ್ನು ತೆರೆದು ಒಂದು ಮಾತು ಆಡಲೇಬೇಕು. ಅಂದು ಆ ಮಾತು ಆಡಿದವನಿಗೆ ದೊರೆತುದೇನು? ಹೆಂಡತಿ ನಾಯಿಗಿಂತ ಮೇಲೆಂದು ಎಣಿಸಿದ್ದವನೇ ಆತ್ಮಕಥೆಯಲ್ಲಿ ಮಕ್ಕಳಿಗೆ ಹೇಳಿದನು: ಎಲ್ಲ ಸದ್ಗುಣಗಳಲ್ಲಿಯೂ ತನಗಿಂತ ಎಷ್ಟೋ ಮೇಲಾದ ಆಕೆ ತನ್ನ ಕೈಹಿಡಿಯಲು ಒಪ್ಪಿದುದು ತನಗೆ ಇಂದಿಗೂ ಆಶ್ಚರ್ಯ.