‘ವಾಹಕ’ ಪದವನ್ನು ಬಳಸುವ ಮುನ್ನ

ಪ್ರೌಢಶಾಲೆಯಲ್ಲಿ ಅನುವಂಶೀಯತೆಯ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಸಿಕಲ್ ಸೆಲ್ ಅಥವಾ ಕುಡುಗೋಲು ಕಣ ರಕ್ತಹೀನತೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳುವುದುಂಟು. ಕಪ್ಪುಹಲಗೆಯ ಮೇಲೆ ಪನೆಟ್ ಚೌಕ ಬರೆದು, ‘ಈ ವಂಶವಾಹಿ ಮಲೇರಿಯಾದಿಂದ ರಕ್ಷಿಸುತ್ತದೆ’ ಎಂಬ ಒಂದು ವಾಕ್ಯ ಸೇರಿಸಿದರೆ ಪಾಠ ಮುಗಿಯುತ್ತದೆ. ಆ ವಾಕ್ಯವನ್ನು ಹಾಗೆಯೇ ಬಿಡುವುದು ಅಪಾಯಕರ ಎಂಬುದು ನನ್ನ ಅಭಿಪ್ರಾಯ.

ವಿಷಯ ಇಷ್ಟು. ಹೀಮೋಗ್ಲೋಬಿನ್ನಿನ ಬೀಟಾ ಸರಪಳಿಯ 6ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದರೆ ‘ಹೀಮೋಗ್ಲೋಬಿನ್ ಎಸ್’ ಉಂಟಾಗುತ್ತದೆ. ಪೂರ್ವ ಆಫ್ರಿಕಾದಲ್ಲಿ ಅಧ್ಯಯನ ನಡೆಸಿದ ಆಂಟನಿ ಆಲಿಸನ್, ಇದಕ್ಕೂ ಮಲೇರಿಯಾಕ್ಕೂ ಇರುವ ನಂಟನ್ನು 1954ರಲ್ಲಿ ತೋರಿಸಿಕೊಟ್ಟರು. ಎಸ್ ವಂಶವಾಹಿಯ ಒಂದೇ ಪ್ರತಿ ಇರುವವರಿಗೆ ಫಾಲ್ಸಿಪಾರಮ್ ಮಲೇರಿಯಾ ಉಲ್ಬಣಗೊಳ್ಳುವ ಸಂಭವ ಸುಮಾರು ಶೇ. 90ರಷ್ಟು ಕಡಿಮೆ. ಅವರಿಗೂ ಸೋಂಕು ತಗಲುತ್ತದೆ, ಜ್ವರವೂ ಬರಬಹುದು. ಆದರೆ ಮಿದುಳಿನ ಮಲೇರಿಯಾ, ತೀವ್ರ ರಕ್ತಹೀನತೆಯಂಥ ಪ್ರಾಣಾಂತಿಕ ತೊಡಕುಗಳು ವಿರಳ.

ಎರಡೂ ಪ್ರತಿಗಳು ಎಸ್ ಆಗಿರುವ ಮಗುವಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅದರ ರಕ್ತ ಮೊದಲೇ ಕಡಿಮೆ, ಗುಲ್ಮವೂ ಬಲಗುಂದಿರುತ್ತದೆ. ಅಂಥ ಮಗುವಿಗೆ ಮಲೇರಿಯಾ ಬಂದರೆ ಜೀವಕ್ಕೇ ಅಪಾಯ. ‘ಸಿಕಲ್ ಸೆಲ್ ಇದ್ದವರಿಗೆ ಮಲೇರಿಯಾ ಬರುವುದಿಲ್ಲ’ ಎಂದು ವಿದ್ಯಾರ್ಥಿ ತಿಳಿದುಕೊಂಡು ಮನೆಗೆ ಹೋದರೆ, ಸೊಳ್ಳೆಪರದೆ ಅತ್ಯಗತ್ಯವಾದ ಮಗುವಿಗೇ ಅದು ಬೇಡವೆನಿಸಬಹುದು.

ಇನ್ನೊಂದು ತೊಡಕು ನಮ್ಮ ಕನ್ನಡ ಪರಿಭಾಷೆಯಲ್ಲೇ ಇದೆ. ಮಲೇರಿಯಾ ಪಾಠದಲ್ಲಿ ಸೊಳ್ಳೆಯನ್ನು ‘ರೋಗವಾಹಕ’ ಎನ್ನುತ್ತೇವೆ. ಅನುವಂಶೀಯತೆಯ ಪಾಠದಲ್ಲಿ ಒಂದು ಪ್ರತಿ ಉಳ್ಳ ಮನುಷ್ಯರನ್ನೂ ‘ವಾಹಕ’ ಎನ್ನುತ್ತೇವೆ. ಇವೆರಡೂ ಒಂದೇ ಪಾಠದಲ್ಲಿ ಬಂದಾಗ, ಆ ಮನುಷ್ಯರೂ ರೋಗ ಹರಡುತ್ತಾರೆ ಎಂದು ಮಗು ಭಾವಿಸಿದರೆ ತಪ್ಪು ಮಗುವಿನದಲ್ಲ.

ಇದು ದೂರದ ಆಫ್ರಿಕಾದ ಮಾತಷ್ಟೇ ಅಲ್ಲ. ಭಾರತದಲ್ಲಿ ಸಿಕಲ್ ಸೆಲ್ ಮೊದಲು ಗುರುತಿಸಲ್ಪಟ್ಟದ್ದು 1952ರಲ್ಲಿ, ನಮ್ಮ ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ. 2023ರಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ಕಾಡಂಚಿನ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವವರ ತರಗತಿಯಲ್ಲಿ, ತಪಾಸಣೆಯ ಫಲಿತಾಂಶ ತಿಳಿದಿರುವ ಮಗುವೇ ಕುಳಿತಿರಬಹುದು.

ಹಾಗಾಗಿ ಪಾಠಯೋಜನೆ ಸಿದ್ಧಪಡಿಸುವವರಿಗೆ ಕೆಲವು ಸಲಹೆಗಳು. ‘ಸೋಂಕು’ ಮತ್ತು ‘ರೋಗದ ಉಲ್ಬಣ’ ಎಂಬ ಎರಡು ಪದಗಳನ್ನು ಹಲಗೆಯ ಮೇಲೆ ಬೇರೆ ಬೇರೆಯಾಗಿ ಬರೆಯಿರಿ. ‘ವಾಹಕ’ ಎನ್ನುವ ಬದಲು ‘ಒಂದು ಪ್ರತಿ ಉಳ್ಳವರು’ ಎನ್ನಿರಿ. ಚೌಕದ ನಾಲ್ಕನೆಯ ಒಂದು ಭಾಗ ಪ್ರತಿ ಗರ್ಭಧಾರಣೆಯ ಸಂಭವನೀಯತೆಯೇ ಹೊರತು, ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ರೋಗ ಖಚಿತವೆಂದಲ್ಲ ಎಂಬುದನ್ನು ನಾಣ್ಯ ಚಿಮ್ಮಿಸಿ ತೋರಿಸಿ. ‘ನಿಮ್ಮಲ್ಲಿ ಯಾರಿಗಾದರೂ ಇದೆಯೇ?’ ಎಂದು ಮಾತ್ರ ಎಂದೂ ಕೇಳಬೇಡಿ. ಮೌಲ್ಯಮಾಪನ ಹಂತದಲ್ಲಿ ಒಂದು ಪ್ರಶ್ನೆ ಹೀಗಿರಲಿ: ‘ಒಂದೇ ವಂಶವಾಹಿ ಒಬ್ಬರನ್ನು ಕಾಪಾಡಿ ಇನ್ನೊಬ್ಬರನ್ನು ಅಪಾಯಕ್ಕೆ ಒಡ್ಡುವುದು ಹೇಗೆ?’

ಪಾಠ ವೀಕ್ಷಿಸುವ ಉಪನ್ಯಾಸಕರಲ್ಲೂ ಒಂದು ಮನವಿ. ಚೌಕ ಸರಿಯಾಗಿದೆಯೇ ಎಂದು ನೋಡುವಷ್ಟೇ ಗಮನದಿಂದ, ಮಕ್ಕಳು ಕೊನೆಗೆ ಏನೆಂದು ಅರ್ಥಮಾಡಿಕೊಂಡರು ಎಂಬುದನ್ನೂ ಕೇಳಿಸಿಕೊಂಡು ಅಂಕ ನೀಡಿ.